ಆಟ ಕಟ್ಟಿದವರಿಗೆ ಮೇಜಿನ ಸುದ್ದಿ

ಎರಿಕ್ ವುಜಿಕ್ ಎಂಬ ಹೆಸರನ್ನು ಕನ್ನಡದಲ್ಲಿ ಕೇಳಿದವರು ಕಡಿಮೆ. ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟಗಳ ನಿಯಮ ಬರೆದ ಅಮೆರಿಕದ ಈ ಲೇಖಕರಿಗೆ 2007ರ ಕೊನೆಯಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು. ಅಷ್ಟು ಹೊತ್ತಿಗೆ ಅದು ಲಿವರ್‌ಗೂ ಹಬ್ಬಿತ್ತು. ಇನ್ನು ವಾರಗಳ ಲೆಕ್ಕ ಎಂಬ ಸುದ್ದಿ ಹೊರಬಿದ್ದಾಗ, ಅವರ ಮುಖವನ್ನೇ ನೋಡದ ಎಷ್ಟೋ ಜನ ಧನ್ಯವಾದ ಹೇಳತೊಡಗಿದರು. ಅವರು ತೀರಿಕೊಂಡದ್ದು 2008ರ ಜೂನ್ 7ರಂದು, 57ನೇ ವಯಸ್ಸಿನಲ್ಲಿ.

ನಟರಿಗೆ, ಗಾಯಕರಿಗೆ ಅಭಿಮಾನಿಗಳಿರುವುದು ಎಲ್ಲರಿಗೂ ಗೊತ್ತು. ಆಟದ ನಿಯಮ ಬರೆದವರ ಮೇಲೆ ಜನರಿಗೆ ಇಷ್ಟು ಅಕ್ಕರೆ ಏಕೆ? ಸಾವಿನ ಹೊಸ್ತಿಲಲ್ಲಿರುವ ಅಂಥವರಿಗೆ ಅದನ್ನು ತಲುಪಿಸುವುದು ಹೇಗೆ, ಎಲ್ಲಿ ಎಡವುತ್ತಾರೆ? ಮೊದಲು ಆ ಆಟ ಏನೆಂದು ನೋಡೋಣ.

## ಬೋರ್ಡಿಲ್ಲದ ಆಟ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಕ್ಕೆ ಬೇಕಾದದ್ದು ಒಂದು ಮೇಜು, ನಾಲ್ಕಾರು ಜನ, ಕಾಗದ, ಪೆನ್ಸಿಲ್. ಹೆಚ್ಚಿನ ಆಟಗಳಲ್ಲಿ ದಾಳಗಳೂ ಇರುತ್ತವೆ. ಒಬ್ಬರು ಗೇಮ್ ಮಾಸ್ಟರ್. ಊರು, ಕಾಡು, ಶತ್ರು, ಮಳೆ ಎಲ್ಲವೂ ಅವರ ಬಾಯಲ್ಲಿ. ಉಳಿದವರು ತಲಾ ಒಂದೊಂದು ಪಾತ್ರ. ‘ಬಾಗಿಲು ಹಾಕಿದೆ, ಒಳಗೆ ಯಾರೋ ಕೆಮ್ಮುತ್ತಿದ್ದಾರೆ, ಏನು ಮಾಡುತ್ತೀರಿ?’ ಎಂದು ಮಾಸ್ಟರ್ ಕೇಳಿದರೆ, ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಬೇಕು. ಫಲಿತಾಂಶ ಸಂದೇಹದಲ್ಲಿದ್ದರೆ ದಾಳ ಉರುಳಿಸಿ ನಿರ್ಧರಿಸುತ್ತಾರೆ. ಸಂಜೆ ಮುಗಿದರೂ ಕಥೆ ಮುಗಿಯುವುದಿಲ್ಲ. ಮುಂದಿನ ವಾರ ಅಲ್ಲಿಂದಲೇ ಶುರು. ಹೀಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಳೆದುಕೊಂಡು ಹೋಗುವ ಕಥೆಗೆ ಕ್ಯಾಂಪೇನ್ ಎನ್ನುತ್ತಾರೆ.

ಈ ಬಗೆಯಲ್ಲಿ ಮಾರಾಟಕ್ಕೆ ಬಂದ ಮೊದಲ ಆಟ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’. 1974ರಲ್ಲಿ ಬಂದ ಅದರ ಮೊದಲ ಮುದ್ರಣ ಬರೀ 1000 ಪ್ರತಿ.

ತಾಳಮದ್ದಲೆ ಕೇಳಿದವರಿಗೆ ಇದು ಬೇಗ ಹಿಡಿಯುತ್ತದೆ. ಪ್ರಸಂಗದ ಪದ್ಯಗಳು ಅಚ್ಚಿನಲ್ಲಿರುತ್ತವೆ, ಅರ್ಥಧಾರಿಯ ಮಾತು ಅಚ್ಚಿನಲ್ಲಿರುವುದಿಲ್ಲ. ಈ ಆಟಗಳಲ್ಲೂ ನಿಯಮವಷ್ಟೇ ಪುಸ್ತಕದಲ್ಲಿರುತ್ತದೆ. ಒಂದು ವ್ಯತ್ಯಾಸ ಮುಖ್ಯ: ಇಲ್ಲಿ ಸಭಿಕರಿಲ್ಲ, ಆಡಿದವರೇ ಕೇಳಿದವರು. ಸಂಜೆ ಕಳೆದರೆ ಅದು ಆ ಐದಾರು ಜನರ ನೆನಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ.

## ಡಿಸೈನರ್ ಏನು ಮಾಡುತ್ತಾರೆ

ಕಾದಂಬರಿಕಾರರು ಕಥೆ ಬರೆಯುತ್ತಾರೆ. ಆಟ ರೂಪಿಸುವ ಡಿಸೈನರ್ ಬರೆಯುವುದು ಇನ್ನೊಬ್ಬರ ಕಥೆ ಯಾವ ದಾರಿಯಲ್ಲಿ ಹರಿಯಬಹುದು ಎಂಬುದನ್ನು. ವುಜಿಕ್ 1985ರಲ್ಲಿ ಪಲೇಡಿಯಂ ಬುಕ್ಸ್‌ಗಾಗಿ ‘ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್’ ಕಾಮಿಕ್ಸನ್ನು ಆಧರಿಸಿ ಆಟ ಬರೆದರು. ಟಿ.ವಿ. ಕಾರ್ಟೂನ್ ಬಂದು ಆ ಕಾಮಿಕ್ಸಿನ ಆಮೆಗಳು ಮನೆಮಾತಾಗಲು ಇನ್ನೂ ಎರಡು ವರ್ಷವಿತ್ತು. ಆ ಆಟದಲ್ಲಿ ಯಾವುದೋ ಪ್ರಾಣಿ ರೂಪಾಂತರಗೊಂಡು ನಿಮ್ಮ ಪಾತ್ರವಾಗುತ್ತದೆ. ಪ್ರಾಣಿಗೆ ತಕ್ಕಂತೆ ಒಂದಿಷ್ಟು ಬಯೋ‑ಇ ಪಾಯಿಂಟ್ ಸಿಗುತ್ತವೆ. ಮನುಷ್ಯರ ಹಾಗೆ ಪೂರ್ತಿ ಕೈ ಬೇಕಾದರೆ 10, ಅರೆಬರೆ ಕೈ ಸಾಕೆಂದರೆ 5. ಸ್ಪಷ್ಟ ಮಾತಿಗೆ 10, ತೊದಲಿಗೆ 5. ಮೈಯ ಗಾತ್ರ ಹಿಗ್ಗಿಸಲೂ ಪಾಯಿಂಟ್ ತೆರಬೇಕು.

ಇಷ್ಟೇ ಲೆಕ್ಕ. ಆದರೆ ಅದು ಮಾಡುವ ಕೆಲಸ ನೋಡಿ. ಎಲ್ಲವನ್ನೂ ಕೊಳ್ಳುವಷ್ಟು ಪಾಯಿಂಟ್ ಇರುವುದಿಲ್ಲ. ಕೈ ಬೇಕೋ ಮಾತು ಬೇಕೋ ಎಂದು ಹದಿನಾಲ್ಕು ವರ್ಷದ ಹುಡುಗನೊಬ್ಬ ಪೆನ್ಸಿಲ್ ಕಚ್ಚುತ್ತಾ ಕೂತಾಗಲೇ, ಮಾತು ಬಾರದ ಬಲಶಾಲಿಯೋ ಆಯುಧ ಹಿಡಿಯಲಾರದ ಮಾತುಗಾರನೋ ಹುಟ್ಟಿಬಿಟ್ಟಿರುತ್ತಾನೆ. ಡಿಸೈನರ್ ಒಂದು ಬೆಲೆಪಟ್ಟಿ ಬರೆದಿದ್ದಾರೆ, ವ್ಯಕ್ತಿ ಮಾತ್ರ ಆ ಮೇಜಿನ ಮೇಲೆ ಹುಟ್ಟಿದ್ದಾನೆ. ಹುಟ್ಟಿದ ಸುದ್ದಿ ಡಿಸೈನರಿಗೆ ತಲುಪುವುದಿಲ್ಲ.

ಈ ವೃತ್ತಿಯ ವಿಚಿತ್ರವೇ ಇದು. ನಾಟಕ ಬರೆದವರು ಹಿಂದಿನ ಸಾಲಿನಲ್ಲಿ ಕೂತು ಜನ ನಗುವುದನ್ನು ಕೇಳಬಹುದು. ಆಟ ಬರೆದವರಿಗೆ ಪುಸ್ತಕ ಎಷ್ಟು ಮಾರಾಟವಾಯಿತು ಎಂಬ ಅಂಕಿ ಸಿಗುತ್ತದೆ, ಅಷ್ಟೆ. ಆಮೇಲೆ ಸಮ್ಮೇಳನಗಳಲ್ಲಿ ಒಂದಿಷ್ಟು ಕೈಕುಲುಕು.

## ದಾಳ ಬೇಡವೆಂದವರು

ವುಜಿಕ್ ಹೆಸರು ಉಳಿದಿರುವುದು ಮುಖ್ಯವಾಗಿ 1991ರ ‘ಆ್ಯಂಬರ್ ಡೈಸ್‌ಲೆಸ್’ ಆಟದಿಂದ. ತಮ್ಮದೇ ಫೇಜ್ ಪ್ರೆಸ್‌ನಿಂದ ಪ್ರಕಟಿಸಿದರು. ರೋಜರ್ ಜೆಲಾಜ್ನಿ ಅವರ ಆ್ಯಂಬರ್ ಕಾದಂಬರಿಗಳಲ್ಲಿ ಒಂದು ರಾಜಮನೆತನವಿದೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಸಿಂಹಾಸನಕ್ಕಾಗಿ ಒಬ್ಬರ ಮೇಲೊಬ್ಬರು ಹೊಂಚುಹಾಕುತ್ತಾರೆ. ಇಂಥ ಕಥೆಯಲ್ಲಿ ಅಣ್ಣ ತಮ್ಮನನ್ನು ಸೋಲಿಸಿದ್ದು ದಾಳ ಚೆನ್ನಾಗಿ ಬಿದ್ದದ್ದರಿಂದ ಎಂದರೆ ಹಾಸ್ಯಾಸ್ಪದ. ವುಜಿಕ್ ದಾಳವನ್ನೇ ಕಿತ್ತುಹಾಕಿದರು. ಬದಲಿಗೆ ಇಟ್ಟದ್ದು ಹರಾಜು.

ಪ್ರತಿಯೊಬ್ಬರಿಗೂ 100 ಪಾಯಿಂಟ್. ಹರಾಜಿಗಿರುವ ಗುಣಗಳು ನಾಲ್ಕು: ಮನೋಬಲ, ದೇಹಬಲ, ತಾಳಿಕೆ, ಯುದ್ಧಕೌಶಲ. ಯುದ್ಧಕೌಶಲದ ಸವಾಲು ಶುರುವಾಯಿತು ಎನ್ನಿ. ಒಬ್ಬ 10 ಕೂಗುತ್ತಾನೆ. ಇನ್ನೊಬ್ಬಳು 22. ಅವನು ಜಿದ್ದಿಗೆ ಬಿದ್ದು 35. ಅವಳು 36. ಅವನು ಸುಮ್ಮನಾಗುತ್ತಾನೆ. ಮೊದಲ ಸ್ಥಾನ ಅವಳದು, ಎರಡನೆಯದು ಅವನದು. ಸೋತರೂ ಅವನು ಕೂಗಿದ 35 ವಾಪಸ್ ಬರುವುದಿಲ್ಲ. ಕೈಯಲ್ಲಿ ಉಳಿದದ್ದು 65. ಲೋಕದಿಂದ ಲೋಕಕ್ಕೆ ನಡೆಯುವ ‘ಪ್ಯಾಟರ್ನ್’ ಶಕ್ತಿಗೆ 50 ಕೊಟ್ಟರೆ ಉಳಿದ ಮೂರು ಗುಣಗಳಿಗೆ 15 ಮಾತ್ರ. ಹರಾಜು ಮುಗಿದ ಮೇಲೆ ಗುಟ್ಟಾಗಿ ಪಾಯಿಂಟ್ ಸುರಿದು ಮೇಲೇರಬಹುದು, ಆದರೆ ಮೊದಲ ಸ್ಥಾನ ಗೆದ್ದವರನ್ನು ಮುಟ್ಟುವಂತಿಲ್ಲ. ತೀರಾ ಕೈ ಬರಿದಾದರೆ ಒಂದು ಗುಣವನ್ನು ಸಾಮಾನ್ಯ ಮನುಷ್ಯರ ಮಟ್ಟಕ್ಕೆ ಇಳಿಸಿ 25 ಪಾಯಿಂಟ್ ಪಡೆಯುವ ದಾರಿಯೂ ಇದೆ.

ಇನ್ನು ಆಟದುದ್ದಕ್ಕೂ ಕತ್ತಿಗೆ ಕತ್ತಿ ತಾಗಿದರೆ ಅವಳೇ ಗೆಲ್ಲುತ್ತಾಳೆ. ಗೆಲ್ಲಬೇಕೆಂದರೆ ಅವನು ಕಾಳಗದ ಸ್ವರೂಪವನ್ನೇ ಬದಲಿಸಬೇಕು: ಅವಳು ಸುಸ್ತಾಗುವ ತನಕ ಎಳೆದಾಡಬೇಕು, ಕತ್ತಲಿಗೆ ಕರೆದೊಯ್ಯಬೇಕು, ಇನ್ನೊಬ್ಬರನ್ನು ಜೊತೆಗೆ ಕಟ್ಟಿಕೊಳ್ಳಬೇಕು. ಹರಾಜಿನ ಅರ್ಧ ಗಂಟೆಯಲ್ಲೇ ಅಣ್ಣತಂಗಿಯರ ಹಗೆ ಹುಟ್ಟಿಬಿಟ್ಟಿರುತ್ತದೆ. ಕಾದಂಬರಿಯ ಭಾವವನ್ನು ಲೆಕ್ಕದಲ್ಲಿ ಹಿಡಿದ ಇಂಥ ನಿಯಮಗಳು ವಿರಳ. ದೋಷವೂ ಇದೆ. ದಾಳವಿಲ್ಲದ್ದರಿಂದ ತೀರ್ಪೆಲ್ಲ ಮಾಸ್ಟರ್ ಕೈಯಲ್ಲಿ. ಅವರು ಪಕ್ಷಪಾತಿಯಾದರೆ ಆಟ ಜಗಳದಲ್ಲೇ ಮುಗಿಯುತ್ತದೆ.

ಇನ್ನೊಂದು ನಿಯಮ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಪಾತ್ರದ ಹೆಸರಿನಲ್ಲಿ ದಿನಚರಿ ಬರೆಯುತ್ತೇನೆ, ಅಥವಾ ಚಿತ್ರ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡ ಆಟಗಾರರಿಗೆ 10 ಪಾಯಿಂಟ್ ಹೆಚ್ಚುವರಿ. ಅಂದರೆ ಮೇಜಿನ ಮೇಲೆ ನಡೆದದ್ದನ್ನು ಬರೆದಿಡಲು ವುಜಿಕ್ ಕೂಲಿಯನ್ನೇ ಕೊಟ್ಟರು. ಅಂಥ ದಿನಚರಿಗಳನ್ನು ‘ಆ್ಯಂಬರ್‌ಝೀನ್’ ಪತ್ರಿಕೆಯಲ್ಲಿ ಅಚ್ಚುಹಾಕಿದರು. ಕಾಣದ ಮೇಜನ್ನು ಕಾಣಲು ಅವರೇ ಕೊರೆದುಕೊಂಡ ಕಿಟಕಿ ಅದು.

## ಏನು ಬರೆಯಬೇಕು

ಹಾಗಾಗಿ, ಡಿಸೈನರ್ ಯಾರೇ ಇರಲಿ, ಅವರಿಗೆ ಹೋಗಬೇಕಾದ್ದು ಮೇಜಿನ ಸುದ್ದಿ. ‘ನೀವು ಮಹಾನ್ ಪ್ರತಿಭೆ’ ಎಂಬ ಸಾಲನ್ನು ಎಪ್ಪತ್ತು ಜನ ಬರೆದರೆ ಎಪ್ಪತ್ತೂ ಒಂದೇ ಪತ್ರ. ಯಾವ ಆಟ, ಯಾವ ವರ್ಷ, ಎಷ್ಟು ಜನ, ಯಾವ ನಿಯಮದಿಂದ ಏನಾಯಿತು ಎಂದು ಬರೆದರೆ ಎರಡು ಪತ್ರ ಒಂದೇ ಥರ ಇರಲು ಸಾಧ್ಯವೇ ಇಲ್ಲ. ಮಾದರಿಗೆ ಹೀಗೊಂದು:

‘1994ರಿಂದ ಮೂರು ವರ್ಷ ನಾವು ಐದು ಜನ ಶನಿವಾರ ಶನಿವಾರ ಆ್ಯಂಬರ್ ಆಡಿದೆವು. ತಾಳಿಕೆಯ ಹರಾಜಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಮ್ಮಲ್ಲಿ ಅತಿ ಕಡಿಮೆ ಮಾತಾಡುವವಳು 3 ಪಾಯಿಂಟಿಗೆ ಮೊದಲ ಸ್ಥಾನ ಹೊತ್ತುಕೊಂಡು ಹೋದಳು. ನಾವು ನಕ್ಕೆವು. ಎರಡನೇ ವರ್ಷದ ಕೊನೆಗೆ ದೊಡ್ಡ ಕಾಳಗದಲ್ಲಿ ಎಲ್ಲರೂ ಬಸವಳಿದು ಬಿದ್ದಾಗ ನಿಂತಿದ್ದವಳು ಅವಳೊಬ್ಬಳೇ. ಆ ರಾತ್ರಿ ಅವಳು ಬರೆದ ದಿನಚರಿಯ ಒಂದು ಪುಟ ಜೊತೆಗಿಟ್ಟಿದ್ದೇವೆ. ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಹಾಸಿಗೆ ಹಿಡಿದವರಿಗೆ ಉತ್ತರಿಸದ ಪತ್ರದ ರಾಶಿ ಒಂದು ಸಾಲದ ಹೊರೆಯಂತೆ ಕಾಣುತ್ತದೆ.

ಉದ್ದ ಒಂದು ಪುಟ ಮೀರದಿರಲಿ, ಅಕ್ಷರದ ಗಾತ್ರ 16ರಿಂದ 18 ಪಾಯಿಂಟ್ ಇರಲಿ. ನೋವು ತಗ್ಗಿಸುವ ಮಾರ್ಫಿನ್ ಥರದ ಔಷಧ ತೂಕಡಿಕೆ ತರುತ್ತದೆ, ಕಣ್ಣು ಸಾಲಿನ ಮೇಲೆ ನಿಲ್ಲುವುದಿಲ್ಲ. ಎಷ್ಟೋ ಸಲ ಮನೆಯವರೇ ಓದಿ ಹೇಳುತ್ತಾರೆ. ಎರಡು ನಿಮಿಷದಲ್ಲಿ ಮುಗಿಯುವುದಾದರೆ ಇನ್ನೊಂದನ್ನೂ ಕೇಳುತ್ತಾರೆ. ಆಟದ ಧ್ವನಿಮುದ್ರಣ ಕಳಿಸುವವರು ನಾಲ್ಕು ಗಂಟೆಯ ಕಡತ ಕಳಿಸುತ್ತಾರೆ. ಅದರಲ್ಲಿ ಎಲ್ಲರೂ ಒಟ್ಟಿಗೆ ಕೂಗಿದ ಮೂರು ನಿಮಿಷ ಕತ್ತರಿಸಿ ಕಳಿಸಿ.

ಬರೆಯಬಾರದ್ದೂ ಇದೆ. ಬದುಕಿರುವವರ ಬಗ್ಗೆ ‘ಅವರು ಹೀಗಿದ್ದರು’ ಎಂದು ಭೂತಕಾಲದಲ್ಲಿ ಬರೆಯುವುದು ಆಶ್ಚರ್ಯವಾಗುವಷ್ಟು ಸಾಮಾನ್ಯ ತಪ್ಪು. ಕ್ಯಾನ್ಸರ್ ವಾಸಿಮಾಡುವ ಸೊಪ್ಪಿನ ರಸದ ಸಲಹೆ ಬೇಡ. ಸಹಿಗಾಗಿ ಪುಸ್ತಕ ಕಳಿಸುವುದಂತೂ ಬೇಡವೇ ಬೇಡ: ಕೆಲವು ಕೀಮೋಥೆರಪಿ ಔಷಧಗಳಿಂದ ಬೆರಳ ತುದಿ ಮರಗಟ್ಟಿ ಪೆನ್ನು ಹಿಡಿಯುವುದೇ ಕಷ್ಟವಾಗುತ್ತದೆ, ಪುಸ್ತಕ ಕಟ್ಟಿ ಅಂಚೆಗೆ ಹಾಕುವ ಕೆಲಸ ಆರೈಕೆ ಮಾಡುವವರ ತಲೆಗೆ ಬೀಳುತ್ತದೆ. ನಿಯಮದ ಬಗ್ಗೆ ಪ್ರಶ್ನೆ ಕೇಳಬಹುದೇ? ನನ್ನ ಮಟ್ಟಿಗೆ ಕೇಳಬಹುದು, ಆದರೆ ಒಂದೇ. ಖಾಯಿಲೆಯ ವಿಷಯವನ್ನೇ ದಿನವಿಡೀ ಕೇಳುವವರಿಗೆ ಆಟದ ಪ್ರಶ್ನೆ ಒಂದು ಬಿಡುವು.

## ಯಾವಾಗ, ಯಾರ ಮೂಲಕ

ಪತ್ರಗಳನ್ನು ಒಟ್ಟುಮಾಡಿ ಚಂದದ ಪುಸ್ತಕ ಮಾಡುವ ಯೋಜನೆ ಎಲ್ಲರಿಗೂ ಹೊಳೆಯುತ್ತದೆ. ಸಂಪಾದಕರು ಸಿಗಬೇಕು, ಮುಖಪುಟ ಬರೆಸಬೇಕು, ‘ಇನ್ನೂ ಹತ್ತು ಜನ ಬರೆಯುವವರಿದ್ದಾರೆ’ ಎಂದು ಕಾಯಬೇಕು. ಎರಡು ತಿಂಗಳು ಹೋಗುತ್ತದೆ. ಅಷ್ಟರಲ್ಲಿ ಓದಬೇಕಾದವರು ಇರುವುದಿಲ್ಲ.

ವೈದ್ಯರು ಹೇಳಿದ ಅವಧಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಷಿಕಾಗೊದಲ್ಲಿ ಕೊನೆಗಾಲದ ಆರೈಕೆಯಲ್ಲಿದ್ದ 468 ರೋಗಿಗಳ ಬಗ್ಗೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈದ್ಯರ ಅಂದಾಜು ಸರಿಹೋದದ್ದು ಶೇ 20ರಷ್ಟು ಪ್ರಕರಣಗಳಲ್ಲಿ ಮಾತ್ರ. ಶೇ 63ರಷ್ಟರಲ್ಲಿ ರೋಗಿ ನಿಜವಾಗಿ ಬದುಕಿದ್ದಕ್ಕಿಂತ ಹೆಚ್ಚು ಕಾಲ ಬದುಕುತ್ತಾರೆಂದು ಹೇಳಿದ್ದರು. ವುಜಿಕ್ ವಾರಗಳ ಲೆಕ್ಕವನ್ನು ದಾಟಿ ತಿಂಗಳುಗಳ ಕಾಲ ಇದ್ದರು. ಆದರೆ ಅದು ಅದೃಷ್ಟದ ಕಡೆಗೆ ವಾಲಿದ ಪ್ರಕರಣ.

ಆದ್ದರಿಂದ ಮೊದಲ ಹತ್ತು ಪತ್ರ ಕೈಸೇರಿದ ದಿನವೇ ಸಾದಾ ಕಾಗದದಲ್ಲಿ ಅಚ್ಚುಹಾಕಿ ಕಳಿಸಿ. ಉಳಿದವು ವಾರಕ್ಕೊಂದು ಕಂತಿನಂತೆ ಹೋಗಲಿ. ರಟ್ಟಿನ ಹೊದಿಕೆಯ ಪುಸ್ತಕ ಆಮೇಲೆ ಕುಟುಂಬಕ್ಕಾಗಿ ಮಾಡಿಕೊಳ್ಳಬಹುದು.

ಕಳಿಸುವ ದಾರಿ ಒಂದೇ ಇರಬೇಕು. ಕುಟುಂಬ ಒಪ್ಪಿದ ಒಬ್ಬ ವ್ಯಕ್ತಿ, ಸಾಮಾನ್ಯವಾಗಿ ಪ್ರಕಾಶಕರ ಕಡೆಯವರು, ಎಲ್ಲವನ್ನೂ ತೆಗೆದುಕೊಂಡು ಓದಿ ಸೋಸುತ್ತಾರೆ. ನೂರು ಜನ ನೇರವಾಗಿ ಬರೆದರೆ ವಿಮೆಯವರ, ಆಸ್ಪತ್ರೆಯವರ ಪತ್ರಗಳು ಆ ರಾಶಿಯಡಿ ಕಳೆದುಹೋಗುತ್ತವೆ. ಮನೆ ವಿಳಾಸ ಗೊತ್ತಿದ್ದರೂ ಹಂಚಬೇಡಿ.

## ಹಣದ ಲೆಕ್ಕ

ಅಮೆರಿಕದಲ್ಲಿ ಈ ಪುಸ್ತಕಗಳನ್ನು ಬರೆಯುವವರಲ್ಲಿ ಬಹಳ ಜನ ಸಂಬಳದ ನೌಕರರಲ್ಲ. ಪದಕ್ಕಿಷ್ಟು ಎಂದು ಹಣ ಪಡೆಯುವ ಬಿಡಿ ಲೇಖಕರು. ಹಲವು ಒಪ್ಪಂದಗಳಲ್ಲಿ ಹಕ್ಕು ಪ್ರಕಾಶಕರದೇ, ಮರುಮುದ್ರಣವಾದರೂ ಲೇಖಕರಿಗೆ ಗೌರವಧನವಿಲ್ಲ. ಅಲ್ಲಿ 65 ತುಂಬದವರಿಗೆ ಆರೋಗ್ಯ ವಿಮೆ ಹೆಚ್ಚಾಗಿ ನೌಕರಿಯ ಜೊತೆಗೆ ಬರುವಂಥದ್ದು. ಕೆಲಸ ಮಾಡಲಾಗದಷ್ಟು ಕಾಯಿಲೆಯಾದರೆ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಯೋಜನೆಯ ಅಂಗವಿಕಲತೆ ವೇತನಕ್ಕೆ ಐದು ತಿಂಗಳು ಕಾಯಬೇಕು, ಅದರ ಮೇಲೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಗೆ ಮತ್ತೆ 24 ತಿಂಗಳು. ನರಗಳನ್ನು ಕ್ಷೀಣಿಸುವ ಎಎಲ್‌ಎಸ್‌ನಂಥ ಕೆಲವೇ ಕಾಯಿಲೆಗಳಿಗೆ ವಿನಾಯಿತಿಯಿದೆ. ಉಳಿದವರಿಗೆ ಒಟ್ಟು 29 ತಿಂಗಳು! ಮೇದೋಜೀರಕದ ಕ್ಯಾನ್ಸರ್ ಹರಡಿದ ಮೇಲೆ ಅಷ್ಟು ಕಾಲ ಬದುಕುವವರು ಕಡಿಮೆ. ಅಭಿಮಾನಿಗಳು ಚಂದಾ ಎತ್ತುವುದು ಇದಕ್ಕೇ.

ಚಂದಾದಲ್ಲೂ ಸೋರಿಕೆಯಿದೆ. ಆನ್‌ಲೈನಿನಲ್ಲಿ ಚಂದಾ ಎತ್ತುವ ಗೋಫಂಡ್‌ಮಿ ತಾಣ ಅಮೆರಿಕದಲ್ಲಿ ಪ್ರತಿ ಕೊಡುಗೆಗೆ ಶೇ 2.9 ಮತ್ತು 30 ಸೆಂಟ್ ಮುರಿದುಕೊಳ್ಳುತ್ತದೆ. 5 ಡಾಲರ್ ಕೊಟ್ಟರೆ ಸುಮಾರು 45 ಸೆಂಟ್ ಹೋಗುತ್ತದೆ. ಐದು ಜನ ಬೇರೆಬೇರೆಯಾಗಿ 5 ಡಾಲರ್ ಕೊಟ್ಟರೆ ಒಟ್ಟು 2 ಡಾಲರ್ 23 ಸೆಂಟ್ ಶುಲ್ಕ. ಅದೇ ಐವರು ಒಟ್ಟುಗೂಡಿ 25 ಡಾಲರನ್ನು ಒಮ್ಮೆಲೇ ಹಾಕಿದರೆ 1 ಡಾಲರ್ 3 ಸೆಂಟ್. ಒಂದು ಮೇಜಿನವರು ಒಂದೇ ಕಂತಿನಲ್ಲಿ ಕೊಡುವುದು ಜಾಣತನ.

ದೊಡ್ಡ ಅಪಾಯ ಬೇರೆಯೇ ಇದೆ. ಬಡವರಿಗಾಗಿರುವ ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್ ಎಂಬ ಸರ್ಕಾರಿ ನೆರವು ಪಡೆಯುವ ಒಂಟಿ ವ್ಯಕ್ತಿಯ ಹೆಸರಿನಲ್ಲಿ 2000 ಡಾಲರಿಗಿಂತ ಹೆಚ್ಚು ಆಸ್ತಿ ಇರುವಂತಿಲ್ಲ. ಉತ್ಸಾಹದಿಂದ 15,000 ಡಾಲರ್ ಎತ್ತಿ ನೇರವಾಗಿ ಅವರ ಖಾತೆಗೆ ಹಾಕಿದರೆ ಆ ನೆರವು ನಿಲ್ಲಬಹುದು, ಅದರ ಜೊತೆ ಬರುವ ಬಡವರ ಆರೋಗ್ಯ ವಿಮೆ ಮೆಡಿಕೇಡ್ ಕೂಡ. ಅಂಥವರಿಗಾಗಿ ಹಣವನ್ನು ವಿಶೇಷ ಅಗತ್ಯಗಳ ಟ್ರಸ್ಟಿನಲ್ಲಿ ಇಡುವ ಕ್ರಮವಿದೆ. ಚಂದಾ ಶುರುಮಾಡುವ ಮೊದಲು ಕುಟುಂಬವನ್ನು ಕೇಳಬೇಕಾದ ಪ್ರಶ್ನೆ ಇದು: ಅವರು ಯಾವ ಸರ್ಕಾರಿ ನೆರವಿನಲ್ಲಿದ್ದಾರೆ? ಕೇಳದೆ ಶುರುಮಾಡಿದ ಚಂದಾ, ಮನಸ್ಸು ಎಷ್ಟೇ ಒಳ್ಳೆಯದಿರಲಿ, ಹಾನಿ ಮಾಡಬಹುದು.

ಇನ್ನು ಹಳೆಯ ಪುಸ್ತಕ ಕೊಳ್ಳುವುದು. ಸೆಕೆಂಡ್‌ಹ್ಯಾಂಡ್ ಪ್ರತಿಗೆ ಎಷ್ಟೇ ಹಣ ಕೊಟ್ಟರೂ ಡಿಸೈನರಿಗೆ ಒಂದು ಸೆಂಟೂ ಹೋಗುವುದಿಲ್ಲ.

## ನಿಯಮ ಯಾರದು

‘ಅವರ ನೆನಪಿಗಾಗಿ’ ಎಂದು ಪುಸ್ತಕ ಸ್ಕ್ಯಾನ್ ಮಾಡಿ ಪುಕ್ಕಟೆ ಹಂಚುವವರು ಇದ್ದೇ ಇರುತ್ತಾರೆ. ಅಮೆರಿಕದ ಕಾನೂನಿನಲ್ಲಿ ಆಟ ಆಡುವ ವಿಧಾನಕ್ಕೆ ಕಾಪಿರೈಟ್ ಇಲ್ಲ, ಅದನ್ನು ವಿವರಿಸಿದ ಬರಹಕ್ಕೆ ಇದೆ. ಹರಾಜಿನಿಂದ ಗುಣ ಹಂಚುವ ಉಪಾಯವನ್ನು ಯಾರು ಬೇಕಾದರೂ ತಮ್ಮ ಮಾತಿನಲ್ಲಿ ಬರೆದು ಬಳಸಬಹುದು, ವುಜಿಕ್ ಬರೆದ ವಾಕ್ಯಗಳನ್ನು ಎತ್ತುವಂತಿಲ್ಲ. ಲೇಖಕರದೇ ಹಕ್ಕಿರುವ ಬರಹಕ್ಕೆ ಸಾವಿನ ನಂತರ 70 ವರ್ಷ ರಕ್ಷಣೆ. 2008ಕ್ಕೆ ಸೇರಿಸಿದರೆ 2078ರ ಕೊನೆಯವರೆಗೆ.

ಆ್ಯಂಬರ್‌ನಲ್ಲಿ ಇನ್ನೊಂದು ತೊಡಕಿತ್ತು: ನಿಯಮ ವುಜಿಕ್ ಅವರದು, ಲೋಕ ಜೆಲಾಜ್ನಿ ಅವರದು. ಜೆಲಾಜ್ನಿ 1995ರಲ್ಲೇ ತೀರಿಕೊಂಡಿದ್ದರು. ಕೊನೆಗೆ ನಿಯಮಗಳಿಗೆ ಬಿಡುಗಡೆ ಸಿಕ್ಕಿದ್ದು ಎರಡನ್ನೂ ಬೇರ್ಪಡಿಸಿದಾಗ. 2013ರಲ್ಲಿ ರೈಟ್ ಪಬ್ಲಿಷಿಂಗ್ ಅನುಮತಿ ಪಡೆದು ಅದೇ ದಾಳವಿಲ್ಲದ ನಿಯಮಗಳಿಗೆ ಹೊಸ ಲೋಕವೊಂದನ್ನು ಜೋಡಿಸಿ ‘ಲಾರ್ಡ್ಸ್ ಆಫ್ ಗಾಸಮರ್ ಆ್ಯಂಡ್ ಶ್ಯಾಡೊ’ ಪ್ರಕಟಿಸಿತು. ಡಿಸೈನರ್ ಇರುವಾಗಲೇ ಯಾವ ಹಕ್ಕು ಯಾರ ಬಳಿ ಇದೆ ಎಂದು ಒಂದು ಹಾಳೆಯಲ್ಲಿ ಬರೆಸಿಟ್ಟುಕೊಂಡರೆ ಇಂಥ ಕೆಲಸ ಬೇಗ ಆಗುತ್ತದೆ. ಅಭಿಮಾನಿಗಳಲ್ಲಿ ವಕೀಲರೊಬ್ಬರಿದ್ದರೆ ನೂರು ಹೂಗುಚ್ಛಕ್ಕಿಂತ ಅವರ ಎರಡು ಗಂಟೆ ಹೆಚ್ಚು ಬೆಲೆಬಾಳುತ್ತದೆ.

## ಆಡುವುದು, ಎತ್ತಿಡುವುದು

‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ನ ಗೈಗ್ಯಾಕ್ಸ್ ತೀರಿಕೊಂಡದ್ದು ಅದೇ 2008ರ ಮಾರ್ಚ್ 4ರಂದು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಲ್ಲಿ ಅಂತ್ಯಕ್ರಿಯೆಗೆ ಬಂದವರು ಅಲ್ಲೇ ಸಭಾಂಗಣವೊಂದರಲ್ಲಿ ಕೂತು ಆಡಿದರು. ಮರುವರ್ಷದಿಂದ ಅದು ಗ್ಯಾರಿ ಕಾನ್ ಎಂಬ ಸಮ್ಮೇಳನವಾಯಿತು. ವುಜಿಕ್ ಅಭಿಮಾನಿಗಳಿಗೆ ಆ್ಯಂಬರ್‌ಕಾನ್ ಸಮ್ಮೇಳನ ಮೊದಲೇ ಇತ್ತು, ವುಜಿಕ್ ಅವರೇ ಶುರುಮಾಡಿದ್ದು. ಜೆನೆಲ್ ಜಾಕ್ವೇಸ್ ಎಂಬ ಡಿಸೈನರ್ 2024ರ ಜನವರಿಯಲ್ಲಿ ತೀರಿಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ, ಹಲವು ಬಾಗಿಲು, ಸುತ್ತುದಾರಿಗಳಿರುವ ನೆಲಮಾಳಿಗೆಯ ನಕ್ಷೆ ಬರೆಯುವುದಕ್ಕೆ ಅವರ ಹೆಸರೇ ಕ್ರಿಯಾಪದವಾಗಿ ಬಳಕೆಗೆ ಬಂದಿತ್ತು. ಆಡುವವರ ಮಟ್ಟಿಗೆ ಇದಕ್ಕಿಂತ ದೊಡ್ಡ ಸನ್ಮಾನ ನನಗಂತೂ ತೋಚುವುದಿಲ್ಲ.

ಕೊನೆಯದು ಪೆಟ್ಟಿಗೆಗಳ ವಿಷಯ. ಪ್ರತಿ ಡಿಸೈನರ್ ಮನೆಯಲ್ಲಿ ಕರಡು ನಿಯಮ, ಗೀಚಿದ ನಕ್ಷೆ, ಪರೀಕ್ಷೆಗೆ ಆಡಿದವರ ಟಿಪ್ಪಣಿಗಳ ರಾಶಿಯಿರುತ್ತದೆ. ಮನೆ ಖಾಲಿ ಮಾಡುವಾಗ ಹೆಚ್ಚಿನದು ರದ್ದಿಗೆ ಹೋಗುತ್ತದೆ, ಏಕೆಂದರೆ ಯಾವುದು ಯಾವ ಆಟದ್ದೆಂದು ಬೇರೆಯವರಿಗೆ ತಿಳಿಯುವುದಿಲ್ಲ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿರುವ ಸ್ಟ್ರಾಂಗ್ ಆಟದ ಮ್ಯೂಸಿಯಂ ಡಿಸೈನರುಗಳ ಕಾಗದಪತ್ರಗಳನ್ನು ಸಂಗ್ರಹಿಸಿಡುತ್ತದೆ. ಆದರೆ ಹಾಳೆಯ ಮೇಲೆ ವರ್ಷ, ಆಟದ ಹೆಸರು ಬರೆದಿರಬೇಕು, ಅದನ್ನು ಹೇಳಬಲ್ಲವರು ಇನ್ನೂ ಮಾತಾಡುತ್ತಿರಬೇಕು. ಹತ್ತಿರದ ಒಬ್ಬಿಬ್ಬರು ದಿನಕ್ಕೆ ಇಪ್ಪತ್ತು ನಿಮಿಷ ಪಕ್ಕದಲ್ಲಿ ಕೂತು, ಒಂದೊಂದೇ ಹಾಳೆ ತೋರಿಸಿ, ಅವರು ಹೇಳಿದ್ದನ್ನು ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ ಬರೆದುಕೊಂಡರೆ ಸಾಕು. ಪೆನ್ನಿನ ಶಾಯಿ ಬೇಡ, ಕಾಗದಕ್ಕೆ ಇಳಿಯುತ್ತದೆ. ಸ್ಟೇಪ್ಲರ್ ಪಿನ್ ತೆಗೆದುಬಿಡಿ, ತುಕ್ಕು ಹಿಡಿಯುತ್ತದೆ. ನಿಮ್ಮದೇ ಹಳೆಯ ಪಾತ್ರದ ಹಾಳೆ, ದಿನಚರಿ ಅಟ್ಟದ ಮೇಲಿದ್ದರೆ ನಕಲು ತೆಗೆದು ಆ ಪೆಟ್ಟಿಗೆಗೆ ಸೇರಿಸಿ. ಮೂಲ ಪ್ರತಿ ನಿಮ್ಮಲ್ಲೇ ಇರಲಿ, ಮುಂದಿನ ಶನಿವಾರ ಬೇಕಾಗಬಹುದು.